ಸಂಜೆಯ ಹೌದುಗಳು

"ಅರ್ಧ ಲೆಕ್ಕ, ಅರ್ಧ ಹರಟೆ," ಎಂದು ಸೋದರಮಾವ ತೀರ್ಪು ಕೊಟ್ಟ. ಕೊಡುವಾಗ ಅವನ ಒಂದು ಕೈ ಜೆರಾಕ್ಸ್ ಯಂತ್ರದ ಹೊಟ್ಟೆಯೊಳಗಿತ್ತು; ಸಿಕ್ಕಿಕೊಂಡ ಕಾಗದವನ್ನು ಹರಿಯದಂತೆ ಎಳೆಯುತ್ತಿದ್ದ. ಊರಿನ ಅರ್ಜಿಗಳೆಲ್ಲ ತನ್ನ ಅಂಗಡಿಯನ್ನು ಹಾದೇ ಹೋಗುವುದರಿಂದ ಓದಿನ ಪೇಟೆಯಲ್ಲಿ ಯಾವ ಸರಕಿಗೆ ಎಷ್ಟು ಬೆಲೆ ಎಂಬುದು ತನ್ನಷ್ಟು ಇನ್ಯಾರಿಗೂ ಗೊತ್ತಿಲ್ಲವೆಂದು ಅವನ ನಂಬಿಕೆ. "ಕಾಮರ್ಸಿಗೆ ಕೈ ನೋಯೋವಷ್ಟು ಹೊಡೆದಿದ್ದೀನಿ. ನರ್ಸಿಂಗಿಗೆ ಟೋನರ್ರೇ ಖಾಲಿಯಾಯ್ತು. ನೀನು ಹೇಳೋ ಕೋರ್ಸಿಗೆ ಬಂದಿರೋದು ಒಂದೇ ಒಂದು ಅರ್ಜಿ. ಅದೂ ನಿಂದು. ಅದೂ ಬಿಟ್ಟಿ."

"ಮಾವಾ, ಅದು ಹರಟೆ ಅಲ್ಲ. ಸಮಾಜಶಾಸ್ತ್ರ," ಎಂದಳು ಹುಡುಗಿ.

"ಅದನ್ನೇ ನಾನೂ ಹೇಳಿದ್ದು. ಕಟ್ಟೆ ಮೇಲೆ ಕೂತು ಮಾಡಿದ್ರೆ ಹರಟೆ, ಕುರ್ಚಿ ಮೇಲೆ ಕೂತು ಮಾಡಿದ್ರೆ ಶಾಸ್ತ್ರ."

ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ತಾಯಿಗೂ ನಗು ತಡೆಯಲಿಲ್ಲ. ನಕ್ಕ ಮೇಲೆ ಮಗಳ ಮುಖ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದಳು. ಅವರಿದ್ದ ಮನೆಸಾಲಿನವರೆಲ್ಲ ತಾಯಿಯನ್ನು ಕರೆಯುತ್ತಿದ್ದುದು ಪ್ರಶ್ನೆಯಕ್ಕ ಎಂದು. ಹತ್ತು ವರ್ಷದಿಂದ ಮನೆಮನೆಯ ಕದ ತಟ್ಟಿ, ನಿಮ್ಮಲ್ಲಿ ಎಷ್ಟು ಜನ, ನೀರು ಎಲ್ಲಿಂದ ತರುತ್ತೀರಿ, ಕಳೆದ ತಿಂಗಳು ಯಾರಿಗಾದರೂ ಜ್ವರ ಬಂದಿತ್ತೇ ಎಂದು ಕೇಳುವುದೇ ಅವಳ ಕಸುಬು. ಸಮೀಕ್ಷೆ ಯಾವುದಾದರೇನು, ಕರೆದವರ ಹಿಂದೆ ಹೋಗುತ್ತಿದ್ದಳು. ಗಂಡ ಸತ್ತ ಮೇಲೆ ಅವಳನ್ನೂ ಮಗಳನ್ನೂ ಸಾಕಿದ್ದು ಬೇರೆಯವರ ಉತ್ತರಗಳೇ.

ಮಗಳು ಏನು ಓದಬೇಕೆಂಬುದರ ಬಗ್ಗೆ ಅವಳಿಗಿದ್ದ ಆಸೆ ಚಿಕ್ಕದು. ನೆರಳಿನಲ್ಲಿ ಕೂತು ಮಾಡುವ ಕೆಲಸವಾಗಬೇಕು, ಅಷ್ಟೇ. ಲೆಕ್ಕಪತ್ರ ಕಲಿತು ಯಾವುದೋ ಕಚೇರಿಯ ಫ್ಯಾನಿನ ಕೆಳಗೆ ಕೂತರೆ ಸಾಕಿತ್ತು. ಆದರೆ ಹುಡುಗಿ, ಕಾಲೇಜಿನಲ್ಲಿ ಹೊಸದಾಗಿ ತೆರೆದಿದ್ದ ಆ ಎರಡು ತಲೆಯ ಕೋರ್ಸಿಗೇ ಜೋತುಬಿದ್ದಿದ್ದಳು: ಸಮಾಜಶಾಸ್ತ್ರ ಮತ್ತು ದತ್ತಾಂಶ ವಿಶ್ಲೇಷಣೆ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಪ್ರಶ್ನೆಯಕ್ಕನಿಗೆ ಉಸಿರು ಕಟ್ಟುತ್ತಿತ್ತು.

"ಅದೇನು ಹುಚ್ಚೋ," ಎಂದು ಅವಳು ತಮ್ಮನ ಮುಂದೆ ಗೊಣಗಿದಳು.

"ನೀನೇ ಹಚ್ಚಿದ್ದು," ಎಂದ ತಮ್ಮ. "ಬೇಸಿಗೆಯಲ್ಲಿ ಜೊತೆಗೆ ಕರ್ಕೊಂಡು ಸುತ್ತಿದ್ದು ಯಾರು?"

ಅದು ನಿಜ. ಆ ಬೇಸಿಗೆಯಲ್ಲಿ ಅವಳೇ ಮಗಳನ್ನು ಕರೆದುಕೊಂಡು ಸುತ್ತಿದ್ದಳು.

ಗೋದಾಮಿನ ಹಿಂದೆ, ಅದರ ಗೋಡೆಗೂ ರೈಲುಹಳಿಗೂ ನಡುವೆ, ಒಂದಕ್ಕೊಂದು ಭುಜ ಕೊಟ್ಟು ನಿಂತ ತಗಡಿನ ಮನೆಗಳ ಸಾಲು ಅವರದು. ಅಲ್ಲಿರುವವರು ಗೋದಾಮಿನ ಹಮಾಲರು, ಎದುರಿನ ದೊಡ್ಡ ಕಟ್ಟಡಗಳ ಕಾವಲುಗಾರರು, ಆ ಕಟ್ಟಡಗಳಲ್ಲಿ ಅಡುಗೆ ಮಾಡುವವರು, ಮಕ್ಕಳನ್ನು ನೋಡಿಕೊಳ್ಳುವವರು. ಪಕ್ಕದ ಮನೆಯ ಇಸ್ತ್ರಿಯಕ್ಕ ಆ ಕಟ್ಟಡಗಳವರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಬೆಳಿಗ್ಗೆ ಗಂಟು ಹೊತ್ತು ತಂದರೆ ಮಧ್ಯಾಹ್ನದೊಳಗೆ ಮಡಿಕೆ ಮುರಿಯದಂತೆ ಹಿಂದಿರುಗಿಸಬೇಕು. ಅದಕ್ಕೆ ಮನೆ ರಸ್ತೆ ದಾಟುವಷ್ಟು ದೂರದಲ್ಲೇ ಇರಬೇಕು. ಸಾಲಿನಲ್ಲಿದ್ದ ಎಲ್ಲರ ಕತೆಯೂ ಇದೇ. ಅವರ ಅನ್ನಕ್ಕೂ ಅವರ ಹೊಸ್ತಿಲಿಗೂ ನಡುವೆ ಒಂದು ರಸ್ತೆ ಮಾತ್ರ ಇತ್ತು.

ನಗರಸಭೆಯ ಕಚೇರಿಯ ಕಣ್ಣು ಆ ಜಾಗದ ಮೇಲೆ ಬಿದ್ದಿತ್ತು. ಹಾಗೆಂದು ಮೊದಲಿನ ಕಾಲದಂತೆ ಲಾಠಿ ಕಳಿಸುವುದು ಈಗ ಚೆಂದವಲ್ಲ. ಈಗ ಮೊದಲು ಅಭಿಪ್ರಾಯ ಕೇಳುತ್ತಾರೆ. ಕೇಳುವ ಕೆಲಸ ಕಾಲೇಜಿನ ಸಂಶೋಧನಾ ಕೇಂದ್ರಕ್ಕೆ ಹೋಯಿತು. ಕೇಂದ್ರಕ್ಕೆ ಕದ ತೆಗೆಸಬಲ್ಲ ಕೈಗಳು ಬೇಕಿದ್ದವು. ಹಾಗಾಗಿ ಸಾಲಿನ ಹೆಂಗಸರನ್ನೇ ನೇಮಿಸಿಕೊಂಡರು: ಪ್ರಶ್ನೆಯಕ್ಕ, ಬೇಸಿಗೆಯಲ್ಲಿ ಗಿರಾಕಿಗಳು ಊರು ಬಿಟ್ಟು ಕೈ ಖಾಲಿಯಾಗಿದ್ದ ಇಸ್ತ್ರಿಯಕ್ಕ, ಮತ್ತೆ ಇನ್ನು ಕೆಲವರು. ತಮ್ಮ ಬೀದಿಯನ್ನು ತಾವೇ ಕೇಳಿ ಬರೆಯುವುದು. ಎಂಥ ಗೌರವದ ಕೆಲಸ ಎಂದು ಹಿಗ್ಗಿದರು, ಪಾಪ.

ಕೈಗೊಂದು ಟ್ಯಾಬ್ ಕೊಟ್ಟರು. ಪ್ರಶ್ನೆಯಕ್ಕನಿಗೆ ಸಣ್ಣ ಅಕ್ಷರ ಕಾಣದೆ ಮಗಳು ಜೊತೆಗೆ ಬಂದಳು. ಪ್ರಶ್ನೆಗಳು ಸಾಮಾನ್ಯದವೇ. ಕೊನೆಯದೊಂದು ಮಾತ್ರ ಬೇರೆ: 'ಬೇರೆಡೆ ಇದಕ್ಕಿಂತ ಒಳ್ಳೆಯ ಮನೆ ದೊರೆತರೆ ಇಲ್ಲಿಂದ ಹೋಗಲು ಒಪ್ಪುವಿರಾ?' ಹೌದು ಎಂದು ಒತ್ತಿದರೆ ಟ್ಯಾಬು ಧನ್ಯವಾದ ಹೇಳಿ ಮುಗಿಸುತ್ತಿತ್ತು. ಇಲ್ಲ ಎಂದು ಒತ್ತಿದರೆ ಹೊಸ ಪ್ರಶ್ನೆಗಳ ಬಾಲ ಬಿಚ್ಚಿಕೊಳ್ಳುತ್ತಿತ್ತು. ಯಾಕೆ ಇಲ್ಲ? ಕೆಲಸದ ಜಾಗ ಎಷ್ಟು ದೂರ? ಮಕ್ಕಳ ಶಾಲೆ? ಆಸ್ಪತ್ರೆ? ಬಸ್ಸು? ಎಷ್ಟು ದೂರವಾದರೆ ಒಪ್ಪುವಿರಿ? ಒಂದನ್ನು ಬಿಟ್ಟರೂ ಮುಂದಿನದು ತೆರೆಯದು. ಕೂಲಿಯೋ ಮನೆಗಿಷ್ಟು ಎಂದು. ಹೌದಿಗೂ ಅಷ್ಟೇ, ಇಲ್ಲಕ್ಕೂ ಅಷ್ಟೇ. ಮೇಲ್ವಿಚಾರಣೆಗೆ ಬಂದಿದ್ದ ಎಳೆಯ ಹುಡುಗನ ಬಾಯಲ್ಲಿ 'ಟಾರ್ಗೆಟ್' ಬಿಟ್ಟು ಬೇರೆ ಪದವೇ ಇರಲಿಲ್ಲ. ಹೆಂಗಸರು ಅವನಿಗೆ ಟಾರ್ಗೆಟ್ ಎಂದೇ ಹೆಸರಿಟ್ಟರು.

ಬೆಳಿಗ್ಗೆ ಎಲ್ಲರೂ ಸತ್ಯವಂತೆಯರು. ಇಲ್ಲ ಎಂದವರ ಬಾಲವನ್ನು ಕೊನೆಯವರೆಗೂ ಹಿಡಿದು ಹೋಗುತ್ತಿದ್ದರು. ಮಧ್ಯಾಹ್ನ ತಗಡು ಕಾದು, ಅಂಗಾಲು ಉರಿದು, ಬೆನ್ನು ಕೈಕೊಟ್ಟ ಮೇಲೆ ಕೇಳುವ ಧಾಟಿಯೇ ತಿರುಗುತ್ತಿತ್ತು. ಸುಳ್ಳು ಬರೆಯುತ್ತಿರಲಿಲ್ಲ, ಒಬ್ಬಳೂ ಬರೆಯುತ್ತಿರಲಿಲ್ಲ. "ಒಳ್ಳೆ ಮನೆ ಅಂದ್ರೆ ಯಾರು ಬೇಡ ಅಂತಾರೆ, ಅಲ್ವಾ ಅಣ್ಣಾ?" ಎಂದು ಇಸ್ತ್ರಿಯಕ್ಕ ನಗುತ್ತ ಕೇಳುವಳು. "ಸಿಕ್ಕರೆ ಯಾರು ಬೇಡ ಅಂತಾರಮ್ಮ," ಎಂದು ಹಮಾಲಿಯವನೂ ನಗುತ್ತ ಹೇಳುವನು. ಬೆರಳು ಹೌದಿನ ಮೇಲೆ. ಧನ್ಯವಾದ. ಮುಂದಿನ ಮನೆ.

ನಾಲ್ಕೈದು ದಿನವಾದ ಮೇಲೆ ಮಗಳು ಒಂದು ಮಾತು ಕೇಳಿದಳು. ಇಬ್ಬರೂ ಗೋದಾಮಿನ ಗೋಡೆಗೆ ಒರಗಿ ನೀರು ಕುಡಿಯುತ್ತಿದ್ದರು.

"ಅಮ್ಮಾ, ಬೆಳಿಗ್ಗೆ ಕೇಳಿದವರಲ್ಲಿ ಸುಮಾರು ಜನ ಹೋಗಲ್ಲ ಅಂತಾರೆ. ಸಂಜೆ ಕೇಳಿದವರೆಲ್ಲ ಹೋಗ್ತೀವಿ ಅಂತಾರೆ. ಅದೇ ಸಾಲು, ಅದೇ ಜನ. ಸಂಜೆ ಹೊತ್ತಿಗೆ ಬದಲಾಗ್ತಾರಾ?"

ಪ್ರಶ್ನೆಯಕ್ಕ ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತುವಷ್ಟು ನಕ್ಕಳು. "ಜನ ಎಲ್ಲಿ ಬದಲಾಗ್ತಾರೆ? ನಮ್ಮ ಕಾಲು ಬದಲಾಗುತ್ತೆ ಕಣೇ."

ಮಗಳು ನಗಲಿಲ್ಲ. ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ ಕೂತಳು. ಯಾರ ಬಾಯಿಂದಲೋ ಬಂದ ಮಾತು ಯಾರ ಕಾಲಿನ ನೋವಿನಿಂದಲೋ ಇನ್ನೊಂದಾಗಿ, ಸಂಖ್ಯೆಯಾಗಿ, ದೊಡ್ಡವರ ಮೇಜಿಗೆ ಹೋಗುತ್ತದೆ. ಅದನ್ನು ಹಿಂದಕ್ಕೆ ಬಿಚ್ಚಿ ನೋಡುವ ಓದೊಂದು ಇರಬೇಕೆಂದು ಅವಳಿಗೆ ಅನ್ನಿಸಿದ್ದು ಅಲ್ಲೇ. ಆಮೇಲೆ ಆ ಕೋರ್ಸು ಕಣ್ಣಿಗೆ ಬಿತ್ತು. ಹುಚ್ಚು ಹಿಡಿಯುವುದಕ್ಕೆ ಅಷ್ಟು ಸಾಕಲ್ಲವೇ?

ಮಗಳಿಗೆ ಸಂದರ್ಶನದ ಕರೆ ಬರುವ ಹೊತ್ತಿಗೆ ಗೋದಾಮಿನ ಗೋಡೆಯ ಮೇಲೆ ಪ್ರಕಟಣೆ ಅಂಟಿತ್ತು. ನಿವಾಸಿಗಳಲ್ಲಿ ನೂರಕ್ಕೆ ಎಂಬತ್ತು ಮಂದಿ ಸ್ವಇಚ್ಛೆಯಿಂದ ಸ್ಥಳಾಂತರಕ್ಕೆ ಸಮ್ಮತಿಸಿರುವುದರಿಂದ, ಊರಾಚೆಯ ಹೊಸ ಬಡಾವಣೆಗೆ ಅವರನ್ನು ಕಳುಹಿಸಲಾಗುವುದು ಎಂದು. ಜನ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಯಾವ ಎಂಬತ್ತು? ನೀನಾ? ನೀನಾ? ಸಮೀಕ್ಷೆಗೆ ಹೋಗಿದ್ದ ಹೆಂಗಸರು ಮಾತ್ರ ತಲೆ ತಗ್ಗಿಸಿ ಒಳಗೆ ಹೋದರು. ಅವತ್ತು ಒಬ್ಬಳ ಮುಖ ಇನ್ನೊಬ್ಬಳು ನೋಡಲಿಲ್ಲ.

"ನೋಡು," ಎಂದು ಪ್ರಶ್ನೆಯಕ್ಕ ಸಂದರ್ಶನಕ್ಕೆ ಹೊರಡುವಾಗ ಮಗಳ ಜಡೆ ಬಿಗಿಯುತ್ತ ಹೇಳಿದಳು, "ಅಲ್ಲಿರೋ ಮೇಡಮ್ಮೇ ಆ ಸಮೀಕ್ಷೆ ಮಾಡ್ಸಿದ್ದು. ಆ ವಿಷಯ ಎತ್ತಬೇಡ. ಅಂಕ ಕೇಳ್ತಾರೆ, ಹೇಳು. ಆಸಕ್ತಿ ಕೇಳ್ತಾರೆ, ಏನೋ ಒಂದು ಹೇಳು. ನಾಲಿಗೆ ಉದ್ದ ಮಾಡಬೇಡ."

"ಅವರಿಗೆ ಗೊತ್ತಾದ್ರೆ ತಾನೇ ಸರಿಪಡಿಸೋದು?"

"ಜಡೆ ಎಳೀಬೇಕಾ ಇನ್ನೊಂದು ಸಲ?"

ಪೋಷಕರೂ ಒಳಗೆ ಬರಬಹುದು ಎಂದಿದ್ದರು. ಗೋಡೆಗೆ ಹಾಕಿದ್ದ ಕುರ್ಚಿಯ ತುದಿಯಲ್ಲಿ ಪ್ರಶ್ನೆಯಕ್ಕ ಕೂತಳು. ಸಮೀಕ್ಷೆ ಮಾಡಿಸಿದ ಪ್ರೊಫೆಸರಮ್ಮನನ್ನು ಕಂಡರೆ ಭಯಪಡುವ ಹಾಗೇ ಇರಲಿಲ್ಲ. ನರೆತ ಕೂದಲನ್ನು ಗಿಡ್ಡವಾಗಿ ಕತ್ತರಿಸಿದ್ದಳು, ಕಣ್ಣು ತಣ್ಣಗಿದ್ದವು, ಮೇಜಿನ ಮೇಲೊಂದು ಕುಂಡ. ಕಟುಕಿಯಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು ಎಂದು ಪ್ರಶ್ನೆಯಕ್ಕನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

"ಗಣಿತದಲ್ಲಿ ಇಷ್ಟು ಅಂಕ ಇದೆ. ಬರೀ ಗಣಿತವನ್ನೇ ತಗೋಬಹುದಿತ್ತಲ್ಲ. ಈ ವಿಷಯ ಯಾಕಮ್ಮ?"

ಮಗಳು ಒಂದು ಗಳಿಗೆ ತಾಯಿಯ ಕಡೆ ನೋಡಿದಳು. ಅವಳು ಏನು ಹೇಳಲಿದ್ದಾಳೆಂದು ಆ ನೋಟದಲ್ಲೇ ಪ್ರಶ್ನೆಯಕ್ಕನಿಗೆ ತಿಳಿಯಿತು.

"ನಾನು ಬೇಸಿಗೆಯಲ್ಲಿ ಅಮ್ಮನ ಜೊತೆ ಒಂದು ಸಮೀಕ್ಷೆಗೆ ಹೋಗಿದ್ದೆ ಮೇಡಂ. ನಿಮ್ಮದೇ."

ಪ್ರಶ್ನೆಯಕ್ಕ ಕೆಮ್ಮಿದಳು.

"ಅದರಲ್ಲಿ ಹೌದು ಅಂದ್ರೆ ಮುಗೀತು. ಇಲ್ಲ ಅಂದ್ರೆ ಉದ್ದ ಇದೆ."

ಪ್ರಶ್ನೆಯಕ್ಕ ಇನ್ನೂ ಜೋರಾಗಿ ಕೆಮ್ಮಿದಳು. ಪ್ರೊಫೆಸರಮ್ಮ ಎದ್ದುಬಂದು ಅವಳ ಕೈಗೆ ನೀರಿನ ಲೋಟ ಕೊಟ್ಟು, ಬೆನ್ನು ಸವರಿ, ಮತ್ತೆ ಕುರ್ಚಿಗೆ ಹೋಗಿ, "ಮುಂದೆ ಹೇಳಮ್ಮ," ಎಂದಳು. ಲೋಟ ಹಿಡಿದ ಮೇಲೆ ಕೆಮ್ಮುವುದಕ್ಕೂ ದಾರಿ ಉಳಿಯಲಿಲ್ಲ.

ಮಗಳು ಎಲ್ಲ ಹೇಳಿದಳು. ಬೆಳಗಿನ ಇಲ್ಲಗಳು, ಸಂಜೆಯ ಹೌದುಗಳು. ನಗುತ್ತ ಕೇಳುವ ಧಾಟಿ. ಮನೆಗಿಷ್ಟು ಎಂಬ ಕೂಲಿ. ಕೊನೆಗೆ, ಜನ ಬದಲಾಗಲ್ಲ, ನಮ್ಮ ಕಾಲು ಬದಲಾಗುತ್ತೆ ಎಂದು ತನ್ನ ಅಮ್ಮ ಹೇಳಿದ್ದನ್ನು ಅಮ್ಮನ ದನಿಯಲ್ಲೇ ಹೇಳಿದಳು. ಆ ಮಾತಿನ ಬಗ್ಗೆ ಅವಳಿಗೆ ಹೆಮ್ಮೆಯಿತ್ತು. ಅದು ಎದ್ದು ಕಾಣುತ್ತಿತ್ತು.

ಪ್ರೊಫೆಸರಮ್ಮನ ಮುಖ ಅರಳಿತು. "ಎಷ್ಟು ಚೆನ್ನಾಗಿ ಹಿಡಿದಿದ್ದೀಯ! ನಮ್ಮ ಎಂ.ಎ. ಹುಡುಗರಿಗೂ ಇದು ಹೊಳೆಯಲ್ಲ," ಎಂದು ಪ್ರಶ್ನೆಯಕ್ಕನ ಕಡೆ ತಿರುಗಿ, "ನಿಮ್ಮ ಮಾತು ಬರ್ಕೊಳ್ಳಲಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬರೆದುಕೊಂಡಳು.

"ಹಾಗಾದ್ರೆ ಆ ಲೆಕ್ಕ ತಿದ್ತೀರಾ ಮೇಡಂ?" ಎಂದಳು ಮಗಳು. "ಅದನ್ನ ಇಟ್ಕೊಂಡು ನಮ್ಮ ಸಾಲನ್ನ ಖಾಲಿ ಮಾಡಿಸ್ತಿದ್ದಾರೆ."

"ತಿದ್ದಲೇಬೇಕು. ತಪ್ಪು ಸಂಖ್ಯೆ ನಮ್ಮ ಹೆಸರಲ್ಲಿ ಹೊರಗೆ ಹೋಗಬಾರದು."

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಪಕ್ಕ ಕೂತು ಕಾಲು ನೆಲ ಮುಟ್ಟದ ಮಗುವಿನಂತೆ ಅಲ್ಲಾಡಿಸುತ್ತಿದ್ದಳು. ಸೀಟೂ ಸಿಗುತ್ತದೆ, ಸಾಲೂ ಉಳಿಯುತ್ತದೆ. ಪ್ರಶ್ನೆಯಕ್ಕ ಕೇಳಿದಳು:

"ತಪ್ಪು ಯಾರದು ಅಂತ ಕೇಳ್ತಾರೆ. ಆಗ ಏನಂತೀಯಾ?"

"ಪ್ರಶ್ನೆದು ಅಂತೀನಿ. ಪ್ರಶ್ನೆ ಮಾಡಿದ ರೀತಿನೇ ತಪ್ಪು."

"ಪ್ರಶ್ನೆಗೆ ಕೂಲಿ ಇಲ್ಲ ಕಣೇ. ಅದನ್ನ ಕೆಲಸದಿಂದ ತೆಗೆಯೋಕಾಗಲ್ಲ."

ಮಗಳ ಕಾಲು ನಿಂತಿತು.

ಹದಿನೈದು ದಿನವೂ ಹಿಡಿಯಲಿಲ್ಲ. ಟಾರ್ಗೆಟ್ ಒಂದು ಮಧ್ಯಾಹ್ನ ಸಾಲಿಗೆ ಬಂದ. ಕೈಯಲ್ಲಿ ಚೀಲ, ಮುಖ ಬಾಡಿತ್ತು. ಹೆಂಗಸರನ್ನೆಲ್ಲ ಇಸ್ತ್ರಿಯಕ್ಕನ ಮೇಜಿನ ಸುತ್ತ ಸೇರಿಸಿ, "ಮುಂದಿನ ಸಮೀಕ್ಷೆಗೆ ಅಂತ ಇಟ್ಕೊಂಡಿದ್ದ ಟ್ಯಾಬ್ ವಾಪಸ್ ಕೊಡಿ ಅಕ್ಕಂದಿರಾ. ಇನ್ಮೇಲೆ ಕೇಂದ್ರದ ಯಾವ ಕೆಲಸಕ್ಕೂ ನಿಮ್ಮ ಹೆಸರು ಬರಲ್ಲ. ಬೇರೆ ಸಂಸ್ಥೆಗಳಿಗೂ ತಿಳಿಸಿದ್ದಾರಂತೆ," ಎಂದ.

"ಯಾಕಪ್ಪಾ? ನಿನ್ನ ಟಾರ್ಗೆಟ್ ಮುಟ್ಟಲಿಲ್ವಾ?" ಎಂದು ಇಸ್ತ್ರಿಯಕ್ಕ ಕಾದ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ನಕ್ಕಳು.

"ನಗಬೇಡಿ ಅಕ್ಕಾ. ಯಾವ ಹೊತ್ತಲ್ಲಿ ಯಾರ ಬೆರಳು ಯಾವುದನ್ನ ಒತ್ತಿತ್ತು ಅಂತ ಎಲ್ಲ ಆ ಟ್ಯಾಬೊಳಗೇ ಇತ್ತು. ಯಾರೂ ನೋಡಿರಲಿಲ್ಲ. ಸಂಜೆ ಹೊತ್ತು ನೋಡಿ ಅಂತ ಈಗ ಯಾರೋ ಹೇಳಿಕೊಟ್ಟಿದ್ದಾರೆ. ಗಣತಿಯವರ ಅಪ್ರಾಮಾಣಿಕತೆ ಅಂತ ಬರೆದಿದ್ದಾರೆ. ನನ್ನನ್ನೂ ತೆಗೆದ್ರು."

"ಯಾರೋ ಅಂದ್ರೆ ಯಾರು?"

ಟಾರ್ಗೆಟ್ ಚೀಲದ ಬಾಯಿ ಅಗಲಿಸಿದ. ಹೇಳುವ ಅಗತ್ಯ ಬೀಳಲಿಲ್ಲ. ಪ್ರಶ್ನೆಯಕ್ಕನ ಮುಖದಲ್ಲಿ ರಕ್ತ ಉಳಿದಿರಲಿಲ್ಲ.

ಇಸ್ತ್ರಿಯಕ್ಕ ಆ ಮುಖವನ್ನು ಬಟ್ಟೆಯ ಮೇಲಿನ ಕಲೆ ನೋಡುವಂತೆ ಹತ್ತಿರದಿಂದ ನೋಡಿದಳು. "ನಿನ್ನ ಮಗಳಾ?"

"ಅವಳು ಒಳ್ಳೇದಕ್ಕೇ..."

"ಸೀಟು ಬೇಕಿದ್ರೆ ನಮ್ಮನ್ನ ಕೇಳೋದಲ್ವೇನೇ? ನೀನು ಬಾಣಂತಿಯಾಗಿದ್ದಾಗ ಅದನ್ನ ಎತ್ತಾಡಿಸಿದ ಕೈ ಕಣೇ ಇದು. ಸಾಲೆಲ್ಲ ಜೋಳಿಗೆ ಹಿಡಿದು ದುಡ್ಡು ಎತ್ತಿ ಕೊಡ್ತಿದ್ವಿ. ನಮ್ಮನ್ನೇ ತೂಕಕ್ಕೆ ಹಾಕಬೇಕಿತ್ತಾ?"

"ಸಾಲು ಉಳೀಲಿ ಅಂತ ಹೇಳಿದ್ಲು ಅಕ್ಕಾ. ಲೆಕ್ಕ ತಿದ್ದಿದ್ರೆ..."

"ತಿದ್ದಿದ್ರಾ?"

ಪ್ರಶ್ನೆಯಕ್ಕನಿಗೆ ಗೊತ್ತಿರಲಿಲ್ಲ. ಇಸ್ತ್ರಿಯಕ್ಕ ಟ್ಯಾಬನ್ನು ತಂದು ಟಾರ್ಗೆಟ್ಟಿನ ಚೀಲದೊಳಗೆ ಬಿಟ್ಟು, ಇಸ್ತ್ರಿಯನ್ನು ಎತ್ತಿಕೊಂಡು ಯಾರದೋ ಬಿಳಿ ಅಂಗಿಯ ಮೇಲೆ ಎಳೆಯತೊಡಗಿದಳು. ಆವತ್ತಿನಿಂದ ಮಾತು ನಿಂತಿತು. ಗೋಡೆಯಾಚೆಯಿಂದ ಅವಳ ಕೆಮ್ಮು ಕೇಳುತ್ತಿತ್ತು, ಪಾತ್ರೆ ಕೇಳುತ್ತಿತ್ತು, ಮಾತಿಲ್ಲ.

ಸೀಟು ಸಿಕ್ಕಿದೆ, ಪೂರ್ತಿ ಶುಲ್ಕ ಮಾಫಿ, ತಾಯಿ ಬಂದು ಸಹಿ ಹಾಕಬೇಕು ಎಂದು ಕಾಲೇಜಿನಿಂದ ಫೋನು ಬಂದದ್ದು ಅದೇ ವಾರ. ಮಗಳು ಫೋನು ಕಿವಿಯಲ್ಲಿಟ್ಟುಕೊಂಡೇ ಅಳುತ್ತಿದ್ದಳು. ಆ ಕಡೆಯವರು ಅದನ್ನು ಸಂತೋಷವೆಂದುಕೊಂಡರು.

"ನನಗೆ ಬೇಡ," ಎಂದಳು ಫೋನಿಟ್ಟು. "ಮಾವ ಹೇಳಿದ್ದೇ ಸರಿ. ಕಾಮರ್ಸಿಗೆ ಹೋಗ್ತೀನಿ."

"ನಡಿ. ಮೊದಲು ಅವರು ಏನು ತಿದ್ದಿದ್ದಾರೆ ನೋಡೋಣ."

ಪ್ರೊಫೆಸರಮ್ಮ ಈ ಸಲ ಚಹಾ ತರಿಸಿದಳು. ಮೇಜಿನ ಮೇಲೆ ಹೊಸ ವರದಿಯಿತ್ತು. ನುಣುಪು ಹೊದಿಕೆ, ಇನ್ನೂ ಶಾಯಿಯ ವಾಸನೆ. ಅವಳು ಅದನ್ನು ಮಗಳ ಕಡೆ ತಿರುಗಿಸಿ ಒಂದು ಪುಟ ತೆರೆದಳು.

"ನೋಡು, ನಿನ್ನ ಮಾತಿಗೆ ಎಷ್ಟು ಬೆಲೆ ಸಿಕ್ಕಿದೆ. ಸಂಜೆಯ ಉತ್ತರಗಳ ತೂಕ ಇಳಿಸಿ ಮತ್ತೆ ಲೆಕ್ಕ ಹಾಕಿದ್ವಿ. ಎಂಬತ್ತು ಇದ್ದಿದ್ದು ಈಗ ಅರವತ್ತೆರಡು."

"ಅರವತ್ತೆರಡು," ಎಂದಳು ಮಗಳು. "ಅಂದ್ರೆ ಈಗಲೂ..."

"ಈಗಲೂ ಬಹುಮತ. ಆದರೆ ಈಗ ಅದು ಗಟ್ಟಿ ಸಂಖ್ಯೆ. ಮೊದಲಿನದನ್ನ ಯಾರು ಬೇಕಾದ್ರೂ ಪ್ರಶ್ನೆ ಮಾಡಬಹುದಿತ್ತು. ಕೋರ್ಟಿಗೆ ಹೋಗಿದ್ರೆ ಬಿದ್ದುಹೋಗ್ತಿತ್ತು. ಇದು ನಿಲ್ಲುತ್ತೆ."

ಪ್ರಶ್ನೆಯಕ್ಕನಿಗೆ ಅಂಕಿಗಳ ಗಣಿತ ತಿಳಿಯಲಿಲ್ಲ, ಆದರೆ ಮಾತಿನ ತಳ ತಿಳಿಯಿತು. ಓಡುವ ಕುಂಟು ಕುದುರೆಯನ್ನು ನಿಲ್ಲಿಸಿ ಎಂದು ಮಗಳು ಕೂಗಿದ್ದಳು. ಇವರು ಅದರ ಕಾಲಿಗೆ ಲಾಳ ಹೊಡೆದು ಬಿಟ್ಟಿದ್ದರು.

"ಬೆಳಿಗ್ಗೆ ಹೌದು ಅಂದವರಲ್ಲೂ ಎಷ್ಟೋ ಜನ, ಹತ್ತಿರದಲ್ಲೇ ಸಿಕ್ಕರೆ ಹೌದು ಅಂದಿದ್ರು ಮೇಡಂ," ಎಂದಳು ಮಗಳು. "ಊರಾಚೆಗೆ ಅಂತ ಯಾರೂ ಕೇಳೇ ಇರಲಿಲ್ಲ."

"ಅದೂ ನಮ್ಮ ಗಮನಕ್ಕೆ ಬಂದಿದೆ. ಅಧ್ಯಯನದ ಮಿತಿಗಳು ಅನ್ನೋ ಭಾಗದಲ್ಲಿ ಬರೆದಿದ್ದೀವಿ. ಕೊನೆ ಪುಟದಲ್ಲಿದೆ."

"ಇವರನ್ನ ಯಾಕೆ ತೆಗೆದ್ರಿ? ಅಮ್ಮನವರನ್ನ? ನಾನು ಹೇಳಿದ್ದು ಪ್ರಶ್ನೆ ತಪ್ಪು ಅಂತ."

ಪ್ರೊಫೆಸರಮ್ಮನ ಕಣ್ಣಲ್ಲಿ ನಿಜವಾದ ಮರುಕವಿತ್ತು. "ಅದು ನನ್ನ ಕೈಲಿಲ್ಲಮ್ಮ. ನಿಯಮ ಅಂತ ಒಂದಿರುತ್ತೆ. ನನಗೂ ಬೇಜಾರಾಯ್ತು. ಅದಕ್ಕೇ ಶುಲ್ಕ ಮಾಫಿಗೆ ನಾನೇ ಹೋರಾಡಿದೆ. ನಿನ್ನಂಥವರು ಒಳಗೆ ಬರಬೇಕು. ಆ ಬೀದಿ ಗೊತ್ತಿರೋರು."

ಬೀದಿಯನ್ನು ಕಿತ್ತು ಹಾಕಿ ಬೀದಿ ಗೊತ್ತಿರುವವರನ್ನು ಒಳಗೆ ಕರೆಯುವವರ ದಯೆ ಅದು. ಬೈದು ಓಡಿಸಿದವರನ್ನು ತಿರುಗಿ ಬೈಯಬಹುದು. ಚಹಾ ಕೊಟ್ಟು ಕೂರಿಸಿದವರನ್ನು ಏನು ಮಾಡುವುದು? ಪ್ರಶ್ನೆಯಕ್ಕನ ಕೈಯಲ್ಲಿ ಚಹಾ ಕೆನೆಗಟ್ಟಿತು. ಮೇಜಿನ ಮೇಲೆ ತೆರೆದಿದ್ದ ಪುಟದ ತಲೆಯಲ್ಲಿ ದೊಡ್ಡ ಓರೆ ಅಕ್ಷರದಲ್ಲಿ ಏನೋ ಇತ್ತು. ಮಗಳು ಓದಿ ಹೇಳದಿದ್ದರೂ ಅವಳಿಗೆ ಕಂಡಿತು: 'ಜನ ಬದಲಾಗುವುದಿಲ್ಲ, ನಮ್ಮ ಕಾಲು ಬದಲಾಗುತ್ತದೆ'. ಅದರಡಿಯಲ್ಲಿ ಓರ್ವ ಗಣತಿದಾರೆ ಎಂದಿತ್ತು. ಹೆಸರಿಲ್ಲ. ಹೆಸರು ಬೇರೆ ಪಟ್ಟಿಗೆ ಹೋಗಿತ್ತು.

"ನನಗೆ ಈ ಸೀಟು ಬೇಡ ಮೇಡಂ," ಎಂದಳು ಮಗಳು.

ಪ್ರೊಫೆಸರಮ್ಮ ಪೆಚ್ಚಾಗಿ ತಾಯಿಯ ಕಡೆ ನೋಡಿದಳು. "ನೀವಾದ್ರೂ ಹೇಳಿ."

ಪ್ರಶ್ನೆಯಕ್ಕ ಲೋಟ ಕೆಳಗಿಟ್ಟಳು. ಬೇಡ ಎನ್ನುವುದು ಈಗ ಮಗಳಿಗೆ ಎಷ್ಟು ಹಗುರ ಎಂಬುದು ಅವಳಿಗೆ ಕಂಡಿತು. ಬೇಡ ಎಂದರೆ ಸಾಲಿಗೆ ಹೋಗಿ, ನಾನೂ ಬಿಟ್ಟುಬಂದೆ ನೋಡಿ ಎಂದು ಇಸ್ತ್ರಿಯಕ್ಕನ ಮುಂದೆ ಅಳಬಹುದು. ಅವಳು ಕ್ಷಮಿಸಲೂಬಹುದು. ಆದರೆ ಟ್ಯಾಬು ವಾಪಸು ಬರುವುದಿಲ್ಲ, ಮನೆ ನಿಲ್ಲುವುದಿಲ್ಲ. ಇಷ್ಟೆಲ್ಲ ಹೋದದ್ದು ಮಗಳು ಒಂದು ದಿನ ಹಗುರಾಗಲಿ ಎಂದೇ?

"ಪೆನ್ನು ಕೊಡಿ," ಎಂದಳು.

"ಅಮ್ಮಾ!"

"ಮಾರಿದ್ದು ಆಯ್ತಲ್ಲ? ಬೆಲೆನಾದ್ರೂ ಇಸ್ಕೋ," ಎಂದಳು ಪ್ರಶ್ನೆಯಕ್ಕ, ಮಗಳ ಕಡೆ ನೋಡದೆ. "ಕಾಮರ್ಸಿಗೆ ಹೋಗಿ ಯಾರದೋ ಅಂಗಡಿ ಲೆಕ್ಕ ಬರೀತಾ ಕೂತರೆ ಇದೆಲ್ಲ ನೀರಲ್ಲಿ ಹೋಮ. ಇವರು ಹೇಗೆ ಮಾಡ್ತಾರೆ ಅಂತ ಪೂರ್ತಿ ಕಲಿ. ಪ್ರಶ್ನೆ ಬರೆಯೋ ಕುರ್ಚಿ ಇದೆಯಲ್ಲ, ಅಲ್ಲಿವರೆಗೂ ಹೋಗು. ಅಲ್ಲಿ ಕೂತ ಮೇಲೆ ನೀನೂ ಇವರ ಹಾಗೇ ಆದ್ರೆ ಮನೆಗೆ ಬರಬೇಡ."

ಪ್ರೊಫೆಸರಮ್ಮನಿಗೆ ಮುಖಕ್ಕೆ ಹೊಡೆದಂತಾಯಿತೋ ಇಲ್ಲವೋ ಹೇಳುವುದು ಕಷ್ಟ. ಅವಳು ಮೃದುವಾಗಿ, "ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತೆ," ಎಂದಳು. ನಿಜಕ್ಕೂ ಅರ್ಥವಾಗಿತ್ತು. ಅರ್ಥ ಮಾಡಿಕೊಳ್ಳುವುದೇ ಅವಳ ಕಸುಬು, ಅದಕ್ಕೆ ಅವಳಿಗೆ ಸಂಬಳವಿತ್ತು. "ಒಂದು ದಿನ ನಮ್ಮ ವಿದ್ಯಾರ್ಥಿಗಳ ಹತ್ತಿರ ಬಂದು ಮಾತಾಡ್ತೀರಾ? ಕ್ಷೇತ್ರದ ಅನುಭವ ಅಂತ. ಗೌರವಧನ ಕೊಡ್ತೀವಿ."

"ಮಗಳನ್ನ ಕೊಟ್ಟಿದ್ದೀನಲ್ಲ ಮೇಡಂ," ಎಂದು ಪ್ರಶ್ನೆಯಕ್ಕ ಸಹಿ ಹಾಕಿದಳು. ಕೊನೆಯ ಅಕ್ಷರ ಗೆರೆಯ ಕೆಳಕ್ಕೆ ಜಾರಿತು.

ಮನೆ ಖಾಲಿ ಮಾಡಲು ಕೊಟ್ಟ ದಿನ ಮಗಳ ತರಗತಿ ಶುರುವಾದ ತಿಂಗಳಿಗೇ ಬಂತು. ಕೆಡವುವ ಯಂತ್ರ ಬಂದರೆ ತಗಡೂ ದಕ್ಕುವುದಿಲ್ಲವೆಂದು ಜನ ತಮ್ಮ ಸೂರನ್ನು ತಾವೇ ಬಿಚ್ಚತೊಡಗಿದರು. ಬಡಿದ ಮೊಳೆಗಳನ್ನು ಒಂದೊಂದಾಗಿ ಕಿತ್ತು, ನೆಟ್ಟಗೆ ಮಾಡಿ, ಡಬ್ಬಿಗೆ ಹಾಕಿಕೊಂಡರು. ಹೊಸ ಬಡಾವಣೆಯಿಂದ ಎದುರಿನ ಕಟ್ಟಡಗಳಿಗೆ ಎರಡು ಬಸ್ಸು ಬದಲಾಯಿಸಬೇಕಿತ್ತು. ಮಡಿಕೆ ಮುರಿಯದ ಅಂಗಿಗಳನ್ನು ಹೊತ್ತು ಎರಡು ಬಸ್ಸು ಹತ್ತುವುದು ಯಾರಿಂದ ಸಾಧ್ಯ? ಇಸ್ತ್ರಿಯಕ್ಕ ತನ್ನ ಮೇಜನ್ನು ಮೊದಲೇ ಮಾರಿದ್ದಳು. ಸೋದರಮಾವ ಮಾತ್ರ ಎರಡು ದಿನ ಅಂಗಡಿಗೆ ಬಾಗಿಲು ಹಾಕಿ ಬಂದು ಎಲ್ಲರ ಸಾಮಾನು ಕಟ್ಟಿದ. ನಗೆಮಾತು ಒಂದನ್ನೂ ಆಡಲಿಲ್ಲ.

ಇಸ್ತ್ರಿಯಕ್ಕ ಏಣಿ ಹತ್ತಿ ತನ್ನ ಸೂರಿನ ಕೊನೆಯ ತಗಡನ್ನು ಸಡಿಲಿಸುತ್ತಿದ್ದಳು. ಪ್ರಶ್ನೆಯಕ್ಕ ಹೋಗಿ ಕೇಳದೆಯೇ ಏಣಿಯ ಕಾಲು ಹಿಡಿದಳು. ಇಸ್ತ್ರಿಯಕ್ಕ ಕೆಳಗೆ ನೋಡಿದಳು, ಹೋಗು ಎನ್ನಲಿಲ್ಲ. ಅಷ್ಟರಲ್ಲಿ ಕಾಲೇಜಿನಿಂದ ಬಂದ ಮಗಳು ಬ್ಯಾಗನ್ನು ನೆಲಕ್ಕೆ ಹಾಕಿ, ಮೇಲಿನಿಂದ ಇಳಿಯುತ್ತಿದ್ದ ತಗಡಿಗೆ ಎರಡೂ ಕೈ ಚಾಚಿದಳು.

ಇಸ್ತ್ರಿಯಕ್ಕ ತಗಡನ್ನು ಮೇಲೆಯೇ ತಡೆದು ನಿಲ್ಲಿಸಿದಳು.

"ಬಿಡಿ ಅಮ್ಮ. ಅಂಚು ಕುಯ್ದೀತು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಗಿರಾಕಿಗಳ ಮನೆಯ ಹುಡುಗಿಯರೊಡನೆ ಮಾತಾಡುವ ದನಿ ಅದು. "ನಿಮ್ಮದೆಲ್ಲ ಓದೋ ಕೈ. ನೀವು ಹೋಗಿ, ಓದ್ಕೊಳ್ಳಿ."

ಎತ್ತಾಡಿಸಿದವಳು ಬಹುವಚನಕ್ಕೆ ಇಳಿದಿದ್ದಳು. ಮಗಳು ಚಾಚಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ತಾಯಿಯ ಕಡೆ ನೋಡಿದಳು. ಪ್ರಶ್ನೆಯಕ್ಕ ಏಣಿ ಬಿಡಲಿಲ್ಲ. "ಹೇಳಿದ್ರಲ್ಲ. ಹೋಗು," ಎಂದಳು.

ಹುಡುಗಿ ಬ್ಯಾಗು ಎತ್ತಿಕೊಂಡು ತಮ್ಮ ಮನೆಯೊಳಗೆ ಹೋಗಿ ಗೋಡೆಗೆ ಒರಗಿ ಕೂತಳು. ಪುಸ್ತಕ ತೆಗೆದು ತೊಡೆಯ ಮೇಲೆ ಬಿಚ್ಚಿದಳು. ಅವರ ಸೂರನ್ನು ಬೆಳಿಗ್ಗೆಯೇ ಇಳಿಸಿಯಾಗಿತ್ತು; ಓದಲು ಬೆಳಕಿಗೇನೂ ಕೊರತೆಯಿರಲಿಲ್ಲ.